ನೀರಗಂಟಿ ದುಂಡವ್ವನ ಕಿವಿ

“ಹೆಂಗಸಿನ ಕೈಗೆ ತೂಬು ಕೊಟ್ರ, ಯಾರ ಬಂದು ಎರಡು ಸಿಹಿ ಮಾತಾಡಿದ್ರೂ ನೀರು ಬಿಟ್ಟಬಿಡ್ತಾಳ. ಅಷ್ಟ ನನ್ನ ತಕರಾರು,” ಎಂದ ಊರ ಹಿರಿಯರಲ್ಲೊಬ್ಬನಾದ ಗಾಣದ ಕೊಟ್ರಪ್ಪ, ಗದ್ದವನ್ನು ನನ್ನ ಕೈಗೆ ಕೊಟ್ಟು.

ಹಾಗೆ ಹೇಳುವಾಗ ಅವನ ಎರಡೂ ಕಿವಿ ಮಾಗಿದ ಬಾಳೆಹಣ್ಣಿನ ಹಾಗೆ ಹಳದಿಯಾಗಿದ್ದವು. ತುದಿಯಲ್ಲಿ ಒಂಚೂರು ಅಲ್ಲ, ಬುಡದ ತನಕ. ನಮ್ಮೂರಿನಲ್ಲಿ ಯಾರ ಮಾತನ್ನಾದರೂ ಮನಸಾರೆ ಒಪ್ಪಿದರೆ ಕಿವಿ ಹಳದಿಯಾಗುತ್ತದೆ. ಇಂಥ ಹಳದಿ ಬರಬೇಕಾದರೆ ಯಾರದೋ ಮಾತು ಅವನ ಹೊಟ್ಟೆಗೆ ಇಳಿದಿರಬೇಕು, ಹೌದು ಹೌದು ಎಂದು ಒಳಗೊಳಗೇ ತಲೆ ಆಡಿಸಿರಬೇಕು. ಹಿಂದಿನ ದಿನವೆಲ್ಲ ಅವನು ಕೂತು ಕೇಳಿದ್ದು ಒಬ್ಬಳ ಮಾತನ್ನೇ, ದುಂಡವ್ವನ ಮಾತನ್ನು. ನಾನು ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಎರಡು ಸಲ ಎಳೆದು, “ಹೌದ್ರಿ ಸಾಹುಕಾರ್ರ, ನೀವು ಹೇಳೂದು ಖರೇ,” ಅಂದೆ. ನನ್ನ ಕಸುಬೇ ಹಾಗೆ. ಕೆನ್ನೆಯ ಮೇಲೆ ಕತ್ತಿ ಇರುವಾಗ ವಾದ ಮಾಡಬಾರದು, ಕೈ ನಡುಗುತ್ತದೆ.

ನಮ್ಮೂರಿನಲ್ಲಿ ಗಂಡಸರ ಕಿವಿ ನೋಡುವವನು ನಾನೊಬ್ಬನೇ. ಹನ್ನೆರಡು ತುಂಬಿದ ದಿನ ಸೋದರಮಾವ ಬಂದು ಕಿವಿ ಮುಚ್ಚುವ ಹಾಗೆ ರುಮಾಲು ಸುತ್ತಿದನೆಂದರೆ ಮುಗಿಯಿತು. ಉಣ್ಣುವಾಗ ರುಮಾಲು, ಉಳುವಾಗ ರುಮಾಲು, ಮಲಗುವಾಗ ತೆಳ್ಳನೆಯದೊಂದು ರುಮಾಲು. ಕಟ್ಟಿಕೊಂಡ ಹೆಂಡತಿ ಕೂಡ ಗಂಡನ ಕಿವಿ ಕಂಡವಳಲ್ಲ. ಹೆಂಗಸರದು ಇದಕ್ಕೆ ಪೂರಾ ಉಲ್ಟಾ. ಕೂದಲನ್ನು ಹಿಂದಕ್ಕೆ ಎಳೆದು ಬಿಗಿಯಾಗಿ ಬಾಚಬೇಕು, ಸೆರಗು ಹೊದ್ದರೂ ಕಿವಿಯ ಹಿಂದಕ್ಕೆ ಸಿಕ್ಕಿಸಬೇಕು. ಗಂಡ ಹೇಳಿದ್ದಕ್ಕೆ ಒಪ್ಪಿದಳೋ ಇಲ್ಲವೋ ಎಂಬುದು ಬೀದಿಯಲ್ಲಿ ಹೋಗುವವರಿಗೂ ಕಾಣಬೇಕು. ಹೀಗಾಗಿ ಹೆಂಗಸರು ಯಾರ ಮಾತಿಗಾದರೂ ಬೇಗ ಒಪ್ಪುತ್ತಾರೆ, ಗಂಡಸರು ಒಪ್ಪುವುದೇ ಇಲ್ಲ ಎಂಬುದು ಊರಿನ ಗಟ್ಟಿ ನಂಬಿಕೆ. ಕಣ್ಣಿಗೆ ಕಂಡದ್ದು ಹಾಗೇ ಇತ್ತಲ್ಲ, ಯಾರು ಅಲ್ಲ ಅಂದಾರು?

ನಾನು ಅನ್ನಬಹುದಿತ್ತು. ಮೂವತ್ತೊಂದು ವರ್ಷದಿಂದ ಈ ಕುರ್ಚಿಯ ಹಿಂದೆ ನಿಂತಿದ್ದೇನೆ. ಅತ್ತೆಯ ಮಾತಿಗೆ ಹಳದಿಯಾದ ಅಳಿಯಂದಿರನ್ನು ಕಂಡಿದ್ದೇನೆ, ಮಗಳ ಒಂದೇ ಮಾತಿಗೆ ಕುತ್ತಿಗೆಯ ತನಕ ಹಳದಿಯಾದ ಪೈಲ್ವಾನರನ್ನು ಕಂಡಿದ್ದೇನೆ. ಆದರೆ ಅಪ್ಪ ನನ್ನ ಕೈಗೆ ಕತ್ತಿ ಕೊಟ್ಟ ದಿನ ಆಣೆ ಹಾಕಿಸಿಕೊಂಡಿದ್ದ: ರುಮಾಲಿನ ಕೆಳಗಿನದು ರುಮಾಲಿನ ಕೆಳಗೇ ಇರಬೇಕು. ನಾನು ಬಾಯಿಬಡುಕ, ಊರ ಸುದ್ದಿಯೆಲ್ಲ ಆಡುತ್ತೇನೆ. ಅದೊಂದನ್ನು ಮಾತ್ರ ಆಡಿದವನಲ್ಲ.

ನನ್ನ ಹೆಂಡತಿ ಪರವ್ವ ಬಾಣಂತಿಯರಿಗೆ, ಮದುಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಎರೆಯುವವಳು. ಅವಳ ಮೇಲೆ ಆಣೆ ಗೀಣೆ ಏನಿಲ್ಲ. ಒಂದು ದಿನ ರೊಟ್ಟಿ ತಟ್ಟುತ್ತ ಅಂದಿದ್ದಳು: “ನಿಮ್ಮ ರುಮಾಲಿನಾಗ ಏನೈತೋ ನನಗ ಗೊತ್ತಿಲ್ಲ. ಈ ಊರ ಹೆಂಗಸರ ಹಳದಿ ಮಾತ್ರ ಅರ್ಧಕ್ಕರ್ಧ ಸೀಗಿಕಾಯಿಗೆ ಹೋಗಿಬಿಡತೈತಿ.” ಅಂದರೆ ಅರಿಶಿನ. ಗಂಡ ಒಂದು ಮಾತು ಹೇಳಿದ, ಅದು ಮನಸ್ಸಿಗೆ ಹೋಗಲಿಲ್ಲ, ಆದರೆ ಸಂಜೆಯ ತನಕ ಕೂತು ಅವನು ಬಿಡಿಸಿ ಬಿಡಿಸಿ ಹೇಳುವುದನ್ನು ಕೇಳುವ ತ್ರಾಣ ಯಾರಿಗಿದೆ? ಒಳಗೆ ಹೋಗಿ ಕೊಂಬು ತೇದು ಕಿವಿಗೆ ಒಂದು ಬೆರಳು ಹಚ್ಚಿಕೊಂಡು ಬಂದರಾಯಿತು. ಅವನಿಗೂ ಸಂತೋಷ, ಇವಳಿಗೂ ಕೆಲಸಕ್ಕೆ ಬಿಡುವು.

ದುಂಡವ್ವನ ಸಂಗತಿಗೆ ಬರುತ್ತೇನೆ. ನಮ್ಮ ಕೆರೆಯ ತೂಬು ಹಳೇ ಕಲ್ಲಿನದು. ನೀರೊಳಗೆ ಮುಳುಗಿ, ಒಂದರ ಕೆಳಗೊಂದು ಇರುವ ಮರದ ಬೆಣೆಗಳನ್ನು ಸಲಾಕೆಯಿಂದ ಮೀಟಿ ತೆಗೆಯಬೇಕು, ಆಮೇಲೆ ಬಡಿದು ಮುಚ್ಚಬೇಕು. ಆ ಕೆಲಸ ಮಾಡುವವನು ನೀರಗಂಟಿ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನೂ ಅವನೇ. ದುಂಡವ್ವನ ಅಪ್ಪ ಹುಚ್ಚೀರಪ್ಪ ನಲವತ್ತು ವರ್ಷ ನೀರಗಂಟಿಯಾಗಿದ್ದ. ಕೊನೆಯ ನಾಲ್ಕು ವರ್ಷ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನು ಏರಿಯ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದ, ಗಂಡ ತೀರಿಹೋಗಿ ತವರಿಗೆ ಬಂದ ಮಗಳು ಸೀರೆಯನ್ನು ಕಚ್ಚೆ ಕಟ್ಟಿ ಮುಳುಗುತ್ತಿದ್ದಳು. ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ. ಮಾಘದಲ್ಲಿ ಮುದುಕ ತೀರಿಕೊಂಡ. ಈಗ ಆ ಕೆಲಸ ಅವನ ತಮ್ಮನ ಮಗ ಮುದಕಪ್ಪನಿಗೆ ಹೋಗಬೇಕು ಅಂತಾಯಿತು. ಕೆಲಸದ ಜೊತೆಗೇ ಏರಿಯ ಮೇಲಿನ ಮನೆಯೂ ಹೋಗುತ್ತದೆ. ಕೆಲಸ ಹೋದರೆ ದುಂಡವ್ವ ಗಂಟು ಕಟ್ಟಬೇಕು. ಎಲ್ಲಿಗೆ ಹೋಗುವುದೆಂದು ಅವಳಿಗೂ ತಿಳಿದಿರಲಿಲ್ಲ.

ಮುದಕಪ್ಪ ಕೆಟ್ಟವನಲ್ಲ, ಒಳ್ಳೆಯವನೇ, ಅದೇ ತೊಂದರೆ. ಸಂತೆಗೆ ಉಪ್ಪು ತರಲು ಹೋದವನು ಯಾರದೋ ಮಾತು ಕೇಳಿ ಕುಂಟು ಕುದುರೆ ಕೊಂಡು ತಂದವನು ಅವನು. ಅವನ ರುಮಾಲು ಬಿಚ್ಚಿದಾಗೆಲ್ಲ ನಾನು ಹೊಸ ಹಳದಿ ನೋಡುತ್ತೇನೆ.

ದುಂಡವ್ವ ಐದು ಮಂದಿ ಹಿರಿಯರ ಮುಂದೆ ನಿಂತು ಹೇಳಿದಳಂತೆ. ಮೊದಲೆಲ್ಲ ಏರಿಗೆ ಹತ್ತಿರದ ಹೊಲಕ್ಕೆ ಮೊದಲು ನೀರು ಬಿಡುತ್ತಿದ್ದರು. ಕಾಲುವೆಯ ಕೊನೆಗಿರುವ ಬಾಲದ ಹೊಲಗಳಿಗೆ ನೀರು ಮುಟ್ಟುವ ಹೊತ್ತಿಗೆ ಕೆರೆ ತಳ ಕಾಣುತ್ತಿತ್ತು. ಅವಳು ಬಾಲಕ್ಕೆ ಮೊದಲು ಬಿಟ್ಟಳು. ಕಾಲುವೆಯ ಮಣ್ಣು ಹೇಗೂ ದಾರಿಯುದ್ದಕ್ಕೂ ನೀರು ಕುಡಿಯುತ್ತದೆ, ತಲೆಯ ಹೊಲ ತಾನೇ ನೆನೆಯುತ್ತದೆ. ನಾಲ್ಕು ವರ್ಷದಲ್ಲಿ ಬಾಲದ ಕಡೆಯ ಒಂದು ಮನೆಯೂ ಊರು ಬಿಟ್ಟಿಲ್ಲ. ಇಷ್ಟನ್ನು ಹೇಳಿ, ಮೂರನೆಯ ಬೆಣೆ ಸವೆದಿದೆ, ಈ ಬೇಸಿಗೆಯಲ್ಲೇ ಬದಲಿಸಬೇಕು ಎಂದು ಸೇರಿಸಿ ಕೂತಳಂತೆ. ಹಿರಿಯರು, ನಾಳೆ ಒಂದು ದಿನ ಬಿಟ್ಟು ಹೇಳುತ್ತೇವೆ ಅಂದರು.

ತೀರ್ಪು ಹೇಳುವ ಮುಂಚೆ ಹಿರಿಯರೆಲ್ಲ ಗಡ್ಡ ತೆಗೆಸಿಕೊಳ್ಳಬೇಕು, ಅದು ರೂಢಿ. ಹಾಗಾಗಿ ಆ ಒಂದು ದಿನದಲ್ಲಿ ಹತ್ತೂ ಕಿವಿ ನನ್ನ ಅಂಗಡಿಗೆ ಬಂದವು. ಎಂಟು ಹಳದಿ. ಉಳಿದ ಎರಡು ನಾಗನಗೌಡಜ್ಜನವು. ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ, ಅವು ಇಪ್ಪತ್ತು ವರ್ಷದಿಂದ ಬಣ್ಣ ಬದಲಿಸಿದ್ದೇ ಇಲ್ಲ.

ಕೊನೆಗೆ ಬಂದವರು ಐವರಲ್ಲಿ ದೊಡ್ಡವರಾದ ಗದಿಗೆಪ್ಪಗೌಡರು. ಅವರ ಹೊಲ ಏರಿಯ ಬುಡದಲ್ಲೇ ಇದೆ. ಬಾಗಿಲು ಹಾಕಿಸಿ, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಕನ್ನಡಿಯ ಕಡೆ ನೋಡದೆ ಕೇಳಿದರು: “ಎಷ್ಟ ಐತಿ?”

“ಬುಡದ ಮಟ ಐತ್ರಿ,” ಅಂದೆ.

ಗೌಡರು ತೊಡೆಯ ಮೇಲಿನ ರುಮಾಲನ್ನು ಇನ್ನೊಮ್ಮೆ ಮಡಿಸಿಟ್ಟರು. ಆಮೇಲೆ ತಮ್ಮಷ್ಟಕ್ಕೆ ಆಡಿಕೊಳ್ಳುವವರ ಹಾಗೆ, “ನೋಡು ಯಮನಪ್ಪ, ಹೆಂಗಸು ಒಪ್ಪಿದ್ರ ಶಾಣ್ಯಾಕಿ ಅಂತಾರ. ಗಂಡಸು ಒಪ್ಪಿದ್ರ ಸೋತ ಅಂತಾರ. ಬಣ್ಣ ಒಂದ,” ಅಂದರು.

ಗಂಡಸರು ಇದಕ್ಕೆ ಹಾದಿ ಕಂಡುಕೊಂಡಿಲ್ಲ ಅಂತಲ್ಲ. ಹೆಂಡತಿ ಚೈತ್ರದಲ್ಲಿ ಒಂದು ಮಾತು ಹೇಳುತ್ತಾಳೆ, ಗಂಡ ಗದರುತ್ತಾನೆ. ವೈಶಾಖದಲ್ಲಿ ಅದೇ ಮಾತು ಅವನಿಗೆ ತಾನಾಗಿ ಹೊಳೆಯುತ್ತದೆ. “ನನಗೊಂದು ಹೊಳೀತು” ಎಂದು ಅವನು ಹೇಳಿದಾಗ ಹೆಂಡತಿ ಹೌದಾ ಎಂದು ಬೆರಗಾಗಿ, ಒಳಗೆ ಹೋಗಿ ಅರಿಶಿನ ಹಚ್ಚಿಕೊಂಡು ಬರುತ್ತಾಳೆ. ಊರಿನ ಅರ್ಧ ಕೊಟ್ಟಿಗೆಗಳು, ಮುಕ್ಕಾಲು ಮದುವೆಗಳು ಹೀಗೇ ಆದವು. ಗೌಡರಿಗೂ ಹೊಳೆದಿತ್ತು. ಕೆಲಸ ಮುದಕಪ್ಪನ ಹೆಸರಿಗೆ ಬರೆಯುವುದು, ಮುಳುಗುವುದು ದುಂಡವ್ವನೇ, ಮನೆಯಲ್ಲಿ ಅವಳೇ ಇರಬಹುದು. ಯಾರಿಗೂ ನೋವಿಲ್ಲ. ಅದನ್ನು ಹೇಳುವಾಗ ಗೌಡರು ನನ್ನ ಮುಖ ನೋಡಿದರು. ನಾನು ಸಾಬೂನಿನ ನೊರೆ ನೋಡಿದೆ.

ಸುದ್ದಿ ಗಾಳಿಗಿಂತ ಮುಂದೆ. ಅಂದೇ ಮಧ್ಯಾಹ್ನ ದುಂಡವ್ವ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಗಟ್ಟಿ ಮೈಕಟ್ಟು, ನೀರಿನಲ್ಲಿ ನೆನೆದು ನೆನೆದು ಸುಕ್ಕಾದ ಬೆರಳು. ಕೂರು ತಂಗಿ ಅಂದರೂ ಕೂರಲಿಲ್ಲ.

“ಯಮನಪ್ಪಣ್ಣ, ನಾ ಹೇಳಿದ್ದು ಅವರಿಗೆ ಮುಟ್ಟೇತೋ ಇಲ್ಲೋ? ಅಷ್ಟ ಹೇಳು.”

ನನ್ನ ಮೇಲೆ ಆಣೆ ಇದೆ, ಅದನ್ನು ಕೇಳಬೇಡ ಅಂದೆ. ಅವಳು ನನ್ನನ್ನೇ ನೋಡುತ್ತ ನಿಂತಳು. “ಮುಟ್ಟದಿದ್ರ, ಇಲ್ಲವ್ವಾ ಹೋಗು ಅಂತ ಹೇಳಿಬಿಡ್ತಿದ್ದಿ,” ಅಂದಳು.

ಅಲ್ಲಿಂದ ಮುಂದೆ ಮಾತಾಡಿದವಳು ಪರವ್ವ. ತಾಟಿನಲ್ಲಿ ಒಂದು ಅರಿಶಿನದ ಕೊಂಬು ತಂದು ಅವಳ ಮುಂದಿಟ್ಟಳು. ನಾಳೆ ಒಂದು ಬೆರಳು ಹಚ್ಚಿಕೊಂಡು ಹೋಗು, ಮನೆಯಾದರೂ ಉಳಿಯುತ್ತದೆ, ಹೆಸರು ಕಟ್ಟಿಕೊಂಡು ಏನು ಮಾಡುತ್ತಿ, ನಾವೆಲ್ಲ ಬಾಳಿದ್ದು ಹೀಗೇ ಅಲ್ಲವೇ ಎಂದಳು. ಪರವ್ವ ಕೆಟ್ಟ ಮಾತು ಹೇಳುವವಳಲ್ಲ, ಅವಳ ಮಾತಿನಲ್ಲಿ ಅನುಭವ ಇತ್ತು. ದುಂಡವ್ವ ಕೊಂಬನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

“ಹೆಸರು ಅವಂದಾದ್ರ ಮಂದಿ ಹೋಗಿ ಅವನ ಮುಂದ ಕುಂದ್ರತಾರ, ಪರಕ್ಕ. ಅವ ಯಾರಿಗೂ ಇಲ್ಲ ಅನ್ನಾಂವಲ್ಲ. ಅವ ಹೂಂ ಅಂದಿದ್ದಕ್ಕ ನಾ ಮುಳುಗಿ ಬೆಣಿ ಕೀಳಬೇಕು. ಬಾಲದವರು ಬಂದು ನನ್ನ ಮಾರಿ ನೋಡತಾರ. ಅವಾಗ ಏನ್ ಹೇಳ್ಲಿ?”

ದುಂಡವ್ವ ಕೊಂಬನ್ನು ತಾಟಿನಲ್ಲಿಟ್ಟು ಹೋದಳು.

ಕೆರೆಯ ಮಾತನ್ನು ಕೆರೆಯ ಏರಿಯ ಮೇಲೇ ತೀರ್ಮಾನಿಸಬೇಕು ಎಂಬುದು ಹಿಂದಿನಿಂದ ಬಂದದ್ದು. ಏರಿಯ ಮೇಲೆ ಒಂದು ಗಿಡ ಇಲ್ಲ. ವೈಶಾಖದ ಬಿಸಿಲು, ಬೆಳಿಗ್ಗೆಯೇ ಕಲ್ಲು ಕಾದಿತ್ತು. ಐದು ಮಂದಿ ಜಮಖಾನೆಯ ಮೇಲೆ, ಎದುರಿಗೆ ದುಂಡವ್ವ, ಪಕ್ಕದಲ್ಲಿ ಮುದಕಪ್ಪ, ಸುತ್ತ ಊರು. ಹೆಂಗಸಿಗೆ ಸಂಬಂಧಪಟ್ಟ ತೀರ್ಪಾದರೆ ಅವಳ ಕಿವಿ ಹಳದಿಯಾದ ಹೊರತು ಮುಗಿದ ಹಾಗಲ್ಲ. ಅದನ್ನು ನೋಡಿ ಹೇಳುವುದು ದೊಡ್ಡ ಹಿರಿಯನ ಹೆಂಡತಿಯ ಕೆಲಸ. ಆದ್ದರಿಂದ ಗೌಡರ ಹೆಂಡತಿ ಶರಣಮ್ಮ ಅಲ್ಲೇ ಪಕ್ಕದಲ್ಲಿ ಕೂತಿದ್ದರು. ಗಂಡನಿಗೆ ಹೊಳೆದದ್ದನ್ನು ಹಿಂದಿನ ದಿನವೇ ಕೇಳಿದ್ದವರು, ಅವರ ಕಿವಿ ಆಗಲೇ ಹಳದಿಯಾಗಿತ್ತು.

ಗೌಡರು ತಮಗೆ ಹೊಳೆದದ್ದನ್ನು ಚೆನ್ನಾಗಿಯೇ ಹೇಳಿದರು. ಶರಣಮ್ಮ ಎದ್ದು, ದುಂಡವ್ವನ ಗದ್ದ ಹಿಡಿದು ಅತ್ತ ಇತ್ತ ತಿರುಗಿಸಿ, “ಒಪ್ಪಿಲ್ಲ,” ಅಂದರು.

ಸಾಮಾನ್ಯವಾಗಿ ಈ ಶಾಸ್ತ್ರ ಒಂದು ಎಲೆ ಅಡಿಕೆ ಅಗಿಯುವುದರೊಳಗೆ ಮುಗಿಯುತ್ತದೆ. ಒಪ್ಪದಿದ್ದರೆ ಒಪ್ಪುವ ತನಕ ಹೇಳಬೇಕು, ನಿಯಮವೇನೋ ಹಾಗೆ, ಆದರೆ ಅದರ ಅವಶ್ಯಕತೆ ಯಾರಿಗೂ ಬಿದ್ದಿರಲಿಲ್ಲ. ಕೊಟ್ರಪ್ಪ ಶುರು ಮಾಡಿದ. ಅವನ ಮಾತು ಅವನ ಎಣ್ಣೆಯ ಹಾಗೆಯೇ, ಜಾರುತ್ತದೆ. ನಿನ್ನಂಥವಳು ಈ ಊರಿಗೆ ಭೂಷಣ ಅಂದ, ನಮ್ಮ ಮಗಳಿದ್ದ ಹಾಗೆ ಅಂದ. ಒಪ್ಪಿಲ್ಲ. ಇನ್ನೊಬ್ಬರು ಸತ್ತ ಅಪ್ಪನ ಆತ್ಮದ ಶಾಂತಿಯ ವಿಷಯ ಎತ್ತಿದರು. ಒಪ್ಪಿಲ್ಲ. ಮತ್ತೊಬ್ಬರು, ಮನೆ ಬಿಟ್ಟರೆ ಎಲ್ಲಿ ಹೋಗುತ್ತಿ ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದರು. ದುಂಡವ್ವನ ಕಣ್ಣಲ್ಲಿ ನೀರು ಬಂತು, ಕಿವಿ ಹಾಗೇ ಇತ್ತು. ಕಿವುಡ ಅಜ್ಜ ಕೂಡ, ಏನು ನಡೆದಿದೆ ಎಂದು ಗೊತ್ತಿಲ್ಲದೆ, ಒಪ್ಪಿಬಿಡವ್ವ ಮಗಳೇ ಅಂದ. ಕೊನೆಗೆ ಮುದಕಪ್ಪನನ್ನು ಎಬ್ಬಿಸಿದರು. ಅವನು ಅಕ್ಕಾ ಎಂದು ಬಾಯಿ ತೆರೆದು, ಅವಳ ಮುಖ ನೋಡಿ, ನನಗೆ ಈಜು ಸರಿಯಾಗಿ ಬರುವುದಿಲ್ಲ ಎಂದು ಹೇಳಿ ಕೂತುಬಿಟ್ಟ.

ಸೂರ್ಯ ನೆತ್ತಿಗೆ ಬಂದ. ರುಮಾಲುಗಳೊಳಗಿಂದ ಬೆವರು ಹುಬ್ಬಿನ ಮೇಲೆ ಇಳಿಯುತ್ತಿತ್ತು. ಹೆಂಗಸರ ಕಡೆಗೆ ನೋಡಿದರೆ ಅಲ್ಲಿ ಬೇರೆಯೇ ನಡೆದಿತ್ತು. ಒಬ್ಬೊಬ್ಬರ ಕಿವಿಯ ಕೆಳಗಿಂದ ಹಳದಿ ಗೆರೆಗಳು ಕುತ್ತಿಗೆಗೆ, ಕುತ್ತಿಗೆಯಿಂದ ಕುಪ್ಪಸಕ್ಕೆ ಇಳಿದಿದ್ದವು. ಯಾರೂ ಒರೆಸಿಕೊಳ್ಳುವ ಹಾಗಿಲ್ಲ. ಒರೆಸಿದರೆ ಸೆರಗಿಗೆ ಹತ್ತುತ್ತದೆ, ನಿಜವಾದ ಹಳದಿ ಬಟ್ಟೆಗೆ ಹತ್ತುವುದಿಲ್ಲ.

ಆಗ ದುಂಡವ್ವ ಎದ್ದಳು. ಬೆಳಿಗ್ಗೆಯಿಂದ ಅವಳು ಬಾಯಿ ತೆರೆದಿರಲಿಲ್ಲ.

“ಹೆಂಗಸು ಯಾರ ಮಾತಿಗರೆ ಕರಗತಾಳ, ಅದಕ್ಕ ತೂಬು ಕಾಯಾಕ ಬರೂದಿಲ್ಲ ಅಂದ್ರಿ. ಮುಂಜಾನಿಂದ ನೀವು ಐದು ಮಂದಿ ಸಿಹಿ ಹೇಳಿದ್ರಿ, ಖಾರ ಹೇಳಿದ್ರಿ, ಸತ್ತ ಅಪ್ಪನ್ನೂ ಕರಸಿದ್ರಿ. ನನ್ನ ಕಿವಿ ನೋಡ್ರಿ. ಇಂಥಾ ಕಿವಿ ಇದ್ದಾಕಿ ಬ್ಯಾಡ ಅಂದ್ರ, ನೀರಗಂಟಿಗೆ ಎಂಥಾ ಕಿವಿ ಬೇಕು ನಿಮಗ?”

ಅವಳು ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿ ತೋರಿಸಿದಳು. ಜೋಳದ ರೊಟ್ಟಿಯ ಬಣ್ಣದ, ಬಿಸಿಲಿಗೆ ಸುಟ್ಟ ಕಿವಿ.

ಕೊಟ್ರಪ್ಪ, ಇದು ಗಟ್ಟಿತನ ಅಲ್ಲ, ಹಟ ಅಂದ. ಹೆಂಗಸಾದವಳು ಹಿರಿಯರು ಹೇಳಿದ್ದನ್ನು ಒಪ್ಪಬೇಕು, ಶರಣಮ್ಮನವರನ್ನು ನೋಡಿ ಕಲಿ ಅಂದ. ಅವನು ಅದೊಂದು ಮಾತು ಆಡಬಾರದಿತ್ತು.

ಶರಣಮ್ಮ ಕೂತಲ್ಲಿಂದಲೇ ಸೆರಗಿನ ತುದಿಯನ್ನು ಬಾಯಿಗೆ ತಂದು ಒದ್ದೆ ಮಾಡಿಕೊಂಡರು. ಎಡ ಕಿವಿಯನ್ನು ಒರೆಸಿಕೊಂಡರು, ಆಮೇಲೆ ಬಲ ಕಿವಿಯನ್ನು, ಅವಸರವಿಲ್ಲದೆ, ಪಾತ್ರೆಯ ಮಸಿ ಒರೆಸುವ ಹಾಗೆ. ಸೆರಗಿಗೆ ಅರಿಶಿನ ಹತ್ತಿತು. ಕೆಳಗಿದ್ದ ಕಿವಿಯ ಬಣ್ಣ ದುಂಡವ್ವನ ಕಿವಿಯ ಬಣ್ಣವೇ.

ಗೌಡರು ಹೆಂಡತಿಯನ್ನು ನೋಡಿದರು. ಅಷ್ಟು ಜನರ ನಡುವೆ ಇದ್ದೇನೆಂಬುದು ಅವರಿಗೆ ಮರೆತುಹೋಗಿರಬೇಕು. ಬಹಳ ಸಣ್ಣ ದನಿಯಲ್ಲಿ ಕೇಳಿದರು: “ಮೂವತ್ತೆಂಟು ವರ್ಷನೂ?”

“ಎಲ್ಲಾ ಅಲ್ರಿ,” ಅಂದರು ಶರಣಮ್ಮ. “ಒಮ್ಮೊಮ್ಮೆ ಖರೇನೂ ಒಪ್ಪೀನಿ.”

ಯಾವುದು ಖರೆ, ಯಾವುದು ಅಲ್ಲ ಎಂದು ಕೇಳಬೇಕೆಂಬ ಆಸೆ ಗೌಡರ ಮುಖದಲ್ಲಿ ಸ್ಪಷ್ಟವಾಗಿತ್ತು. ಕೇಳಲಿಲ್ಲ. ಕೆರೆಯ ಕಡೆ ನೋಡಿದರು. ನನಗೆ ಅವರ ರುಮಾಲಿನೊಳಗಿನದು ಗೊತ್ತಿತ್ತು, ಆದ್ದರಿಂದ ಅವರು ಯಾವುದರ ಜೊತೆ ಗುದ್ದಾಡುತ್ತಿದ್ದಾರೆ ಎಂಬುದೂ ಗೊತ್ತಿತ್ತು. ಹೆಂಡತಿ ಅಷ್ಟು ಜನರ ಎದುರು ಒಪ್ಪಿಲ್ಲ ಎಂದು ಬಿಚ್ಚಿ ತೋರಿಸಿದ್ದಾಳೆ. ಒಪ್ಪಿದ್ದೇನೆ ಎಂದು ಬಿಚ್ಚಿ ತೋರಿಸಲು ಗಂಡಸಿಗೆ ಅಷ್ಟು ಧೈರ್ಯ ಬೇಡವೇ?

“ಶೆಕಿ ಬಾಳ ಐತಿ,” ಎಂದರು ಗೌಡರು.

ಮತ್ತು ಕೈ ಎತ್ತಿ ರುಮಾಲಿನ ಗಂಟು ಸಡಿಲಿಸಿದರು. ಒಂದೊಂದೇ ಸುತ್ತು ಬಿಚ್ಚಿ, ಮಡಿಲಲ್ಲಿ ಹಾಕಿಕೊಂಡರು. ಆ ಬಿಳಿ ಕೂದಲಿನ ತಲೆಯ ಎರಡೂ ಪಕ್ಕ ಹಳದಿ ಕಿವಿಗಳು ಬಿಸಿಲಿನಲ್ಲಿ ಚೆಂಡುಹೂವಿನ ಹಾಗೆ ಕಂಡವು. ಯಾರೂ ನಗಲಿಲ್ಲ. ನೋಡಬಾರದ್ದನ್ನು ನೋಡಿದವರ ಹಾಗೆ ಕೆಲವರು ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬ ಹಿರಿಯರು, ಹೌದು, ಇವತ್ತು ವಿಪರೀತ ಎಂದು ತಮ್ಮ ರುಮಾಲಿಗೂ ಕೈ ಹಾಕಿದರು. ಅವರ ಪಕ್ಕದವರೂ ಬಿಚ್ಚಿದರು. ಕೊಟ್ರಪ್ಪ ಮಾತ್ರ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದ್ದರೂ, ನನಗೇನೂ ಶೆಕೆ ಅನ್ನಿಸುತ್ತಿಲ್ಲ ಅಂದ.

ಐವರಲ್ಲಿ ಮೂವರಾಯಿತು. ಗೌಡರು ಸಲಾಕೆಯನ್ನು ಎರಡೂ ಕೈಯಿಂದ ಎತ್ತಿ ದುಂಡವ್ವನಿಗೆ ಕೊಟ್ಟರು. ಅವಳು ಹಣೆಗೆ ಒತ್ತಿಕೊಂಡು, ಮೂರನೆಯ ಬೆಣೆಗೆ ಮತ್ತಿಮರದ ತುಂಡು ಬೇಕು ಎಂದು ಮಾತ್ರ ಹೇಳಿದಳು. ಮುದಕಪ್ಪನಷ್ಟು ಸಮಾಧಾನದ ಮುಖ ನಾನು ಆ ದಿನ ಬೇರೆ ಕಾಣಲಿಲ್ಲ. ಊರು ಇಳಿದು ಮನೆಗೆ ಹೋಗುವಾಗ ಗಂಡಂದಿರು ತಂತಮ್ಮ ಹೆಂಡಿರ ಕುತ್ತಿಗೆಯ ಹಳದಿ ಗೆರೆಗಳನ್ನು ಕಳ್ಳಗಣ್ಣಿನಿಂದ ನೋಡುತ್ತ, ಬಾಯಿಯವರೆಗೆ ಬಂದ ಮಾತನ್ನು ನುಂಗುತ್ತ ನಡೆದರು.

ಇಷ್ಟೆಲ್ಲ ಹೇಳಿದವನು ನನ್ನದನ್ನೂ ಹೇಳಬೇಕು. ಗೌಡರು ಗಂಟು ಸಡಿಲಿಸಿದಾಗ ನನ್ನ ಕೈಯೂ ತಲೆಗೆ ಹೋಗಿತ್ತು. ಗಂಟನ್ನು ಮುಟ್ಟಿತು, ಒಂದು ಸಲ ಒತ್ತಿ ನೋಡಿತು, ಕೆಳಗಿಳಿಯಿತು. ಮೂವತ್ತೊಂದು ವರ್ಷ ಊರಿನವರ ಕಿವಿ ನೋಡಿದವನಿಗೆ ತನ್ನ ಕಿವಿ ತೋರಿಸುವಾಗ ಕೈ ಬರಲಿಲ್ಲ.

ಮನೆಗೆ ಬಂದು ಪಡಸಾಲೆಯಲ್ಲಿ ಕೂತೆ. ಪರವ್ವ ತಂಬಿಗೆ ನೀರು ತಂದಿಟ್ಟಳು. ಅವಳ ಕುತ್ತಿಗೆಯ ಮೇಲೆ ಗೆರೆ ಇರಲಿಲ್ಲ. ಆ ದಿನ ಅವಳು ಏನೂ ಹಚ್ಚಿಕೊಂಡಿರಲಿಲ್ಲ ಎಂಬುದನ್ನು ನಾನು ಆಗ ಗಮನಿಸಿದೆ.

“ನಿಮಗ ಶೆಕಿ ಆಗಲಿಲ್ಲೇನು ಅಲ್ಲೆ?” ಎಂದು ಕೇಳಿದಳು, ಬೇರೆಲ್ಲೋ ನೋಡುತ್ತ.

“ಈಗ ಆಗಾಕತ್ತೇತಿ,” ಅಂದೆ.

ರುಮಾಲು ಬಿಚ್ಚಿ ಪಕ್ಕಕ್ಕಿಟ್ಟೆ. ಅವಳು ಹತ್ತಿರ ಬಂದು ಎದುರಿಗೆ ಕೂತು ನೋಡಿದಳು, ಎಷ್ಟು ಹೊತ್ತೋ. ಗಾಳಿ ಸೋಕಿ ಅಭ್ಯಾಸವಿಲ್ಲದ ಕಿವಿ ಚುರುಚುರು ಅನ್ನುತ್ತಿತ್ತು. ಎಲ್ಲಿಂದಲೋ ಒಂದು ನೊಣ ಬಂದು ಬಲ ಕಿವಿಯ ಮೇಲೆ ಕೂತಿತು. ಪರವ್ವ ಕೈ ಚಾಚಿ ಅದನ್ನು ಓಡಿಸಿದಳು.